ಕೆಳಗೆ ಮೂರು ಬಂದ ದಿನ

ನನ್ನ ಲೆಕ್ಕ ತಪ್ಪಿದ್ದು ಒಂದೇ ಸಲ. ಊರಿನವರನ್ನು ಕೇಳಿದರೆ ಅದೂ ಇಲ್ಲ ಅನ್ನುತ್ತಾರೆ. ಗುರವ್ವ ಹೇಳಿದ ಮೆಟ್ಟಿಲು ಒಂದು ಹೆಚ್ಚಾಗಿದ್ದಿಲ್ಲ, ಒಂದು ಕಡಿಮೆಯಾಗಿದ್ದಿಲ್ಲ ಎಂದು ಎದೆ ತಟ್ಟಿಕೊಂಡು ಹೇಳುತ್ತಾರೆ. ಆ ಹೊಗಳಿಕೆ ಕಿವಿಗೆ ಬಿದ್ದಾಗಲೆಲ್ಲ ನನಗೆ ನೆಲದೊಳಗೆ ಇಳಿದುಹೋಗಬೇಕು ಅನಿಸುತ್ತದೆ. ನಮ್ಮ ಊರಿನಲ್ಲಿ ನೆಲದೊಳಗೆ ಇಳಿಯುವುದು ಅಂಥ ದೊಡ್ಡ ಮಾತೇನೂ ಅಲ್ಲ, ಮನೆಮಂದಿಯೆಲ್ಲ ಹಾಸಿಗೆ ಪಾತ್ರೆ ಸಮೇತ ಆಗಾಗ ಇಳಿಯುತ್ತಲೇ ಇರುತ್ತೇವೆ.

ಕೆರೆಯ ನಡುವೆ ಒಂದು ಕಲ್ಲಿನ ಕಂಬವಿದೆ, ಕಂಬದ ಮೇಲೆ ಒಂದು ಗೆರೆ. ದಿನಾ ಮಧ್ಯಾಹ್ನ ನೀರು ಆ ಗೆರೆಯಿಂದ ಎಷ್ಟು ಗೇಣು ಮೇಲೆ ಅಥವಾ ಎಷ್ಟು ಗೇಣು ಕೆಳಗೆ ನಿಂತಿದೆ ಎಂದು ತಳವಾರ ನೋಡಿ ಬಂದು ಡಂಗುರ ಸಾರುತ್ತಾನೆ. ನಮ್ಮ ಕೆರೆ ಮಳೆಯ ಮಾತನ್ನೂ ಕೇಳುವುದಿಲ್ಲ, ಬಿಸಿಲಿನ ಮಾತನ್ನೂ ಕೇಳುವುದಿಲ್ಲ. ಇವತ್ತು ಮೇಲೆ ನಾಲ್ಕಾದರೆ ನಾಳೆ ಕೆಳಗೆ ಒಂದು. ಸಾರಿದ ಮಾರನೆಯ ದಿನ ಹೊತ್ತು ಮೂಡುವಷ್ಟರಲ್ಲಿ ಪ್ರತಿಯೊಂದು ಮನೆಯೂ ತನ್ನ ತಲೆಬಾಗಿಲ ಮೇಲೆ ಕೊರೆದಿರುವ ಲೆಕ್ಕದ ಪ್ರಕಾರ ಬೀದಿಯಿಂದ ಇಷ್ಟು ಮೆಟ್ಟಿಲು ಏರಿರುತ್ತದೆ, ಇಲ್ಲವೆ ಇಳಿದಿರುತ್ತದೆ. ನಮ್ಮ ಬಾಗಿಲ ಮೇಲಿರುವುದು ‘ಯ² + ೩ಯ’. ‘ಯ’ ಅಂದರೆ ಕೆರೆಯ ಅಂಕಿ. ಅದನ್ನು ಅದರಿಂದಲೇ ಗುಣಿಸಿ, ಅದರ ಮೂರು ಪಟ್ಟನ್ನು ಕೂಡಿಸಬೇಕು. ಮೇಲೆ ಎರಡು ಬಂದರೆ ಎರಡೆರಡಲೆ ನಾಲ್ಕು, ಅದಕ್ಕೆ ಆರು ಸೇರಿ ಹತ್ತು ಮೆಟ್ಟಿಲು ಮೇಲೆ. ಎದುರುಮನೆಯದು ‘ಯ + ೩’, ಸಾಧು ಲೆಕ್ಕ. ಅದೇ ಎರಡಕ್ಕೆ ಐದೇ ಮೆಟ್ಟಿಲು ಏರಿ ಸುಮ್ಮನಾಗುತ್ತದೆ.

ಬೇರೆ ಊರಿನಿಂದ ಸೊಸೆಯಾಗಿ ಬಂದವರು ಮೊದಲ ವಾರ ಅಳುತ್ತಾರೆ, ಎರಡನೆಯ ವಾರ ಬೈಯುತ್ತಾರೆ, ಮೂರನೆಯ ವಾರ ಕೊಡ ಹೊತ್ತುಕೊಂಡು ಏಣಿ ಹತ್ತುವುದನ್ನು ಕಲಿಯುತ್ತಾರೆ. ಮಾತನಾಡಲು ಮನಸ್ಸಿಲ್ಲದ ನೆಂಟರು ಬರುತ್ತಾರೆಂದು ಗೊತ್ತಾದರೆ ನಾಳೆ ನಮ್ಮದು ಬಹಳ ಮೇಲೆ, ನಿಮ್ಮ ಮೊಣಕಾಲಿಗೆ ಆಗದು ಎಂದು ಹೇಳಿಕಳಿಸುವುದು ಇಲ್ಲಿನ ಮರ್ಯಾದೆ. ಹತ್ತಕ್ಕಿಂತ ಹೆಚ್ಚು ಕೆಳಗಿಳಿಯುವ ಮನೆಯಲ್ಲಿ ಮಾತ್ರ ಯಾರೂ ಉಳಿಯುವುದಿಲ್ಲ. ಅಲ್ಲಿ ಉಸಿರು ಕಟ್ಟುತ್ತದೆ, ಏಣಿಯೂ ಸಾಲುವುದಿಲ್ಲ. ಹಿಂದಿನ ಸಂಜೆಯೇ ಬೀಗ ಹಾಕಿಕೊಂಡು ದಿಬ್ಬದ ಮೇಲಿನ ಚಾವಡಿಗೆ ಹೋಗಿ, ಇನ್ನೊಂದು ಅಂಕಿ ಬರುವವರೆಗೆ ಅಲ್ಲಿ ಅಡುಗೆ ಮಾಡಿಕೊಂಡು ಇರುತ್ತಾರೆ.

ಮೇಲಿನ ಅಂಕಿಗಳ ಲೆಕ್ಕ ಎಲ್ಲರಿಗೂ ಬಾಯಿಪಾಠ. ಕೆಳಗಿನ ಅಂಕಿ ಬಂದ ದಿನ ಮಾತ್ರ ನಮ್ಮ ಕಟ್ಟೆಯ ಮುಂದೆ ಸಾಲು ನಿಲ್ಲುತ್ತಿತ್ತು. ನನಗೆ ಈ ಕೆಲಸ ಕಲಿಸಿದವಳು ನಿಂಬವ್ವತ್ತೆ, ನಮ್ಮ ಅಪ್ಪನ ಅಕ್ಕ. ಅವಳ ಹತ್ತಿರ ಕಬ್ಬಿಣದ ಒಂದು ಬಳೆ ಇತ್ತು. ಕೆಳಗಿನ ಅಂಕಿಗೆ ಮುಂದೊಂದು ಅಡ್ಡಗೀಟು ಇರುತ್ತದಲ್ಲ, ಆ ಗೀಟನ್ನೂ ಅಂಕಿಯನ್ನೂ ಪಾಟಿಯ ಮೇಲೆ ಬರೆದು ಸುತ್ತ ಬಳೆ ಇಟ್ಟ ಮೇಲೆಯೇ ಮುಂದಿನ ಮಾತು. ಮೊದಲು ಬಳೆ ತೊಡಿಸು, ಆಮೇಲೆ ಮೈಮುಟ್ಟು ಎಂದು ನನ್ನ ಬೆರಳಿನ ಮೇಲೆ ಹೊಡೆದು ಹೇಳುತ್ತಿದ್ದಳು. ಬಳೆ ಇದ್ದರೆ ಗುಣಿಸುವಾಗ ಗೀಟು ಗೀಟಿನೊಂದಿಗೆ ಸೇರಿ ಅಂಕಿ ಮೇಲಕ್ಕೆ ಬರುತ್ತದೆ. ಬಳೆ ಮರೆತರೆ ಬರೀ ಅಂಕಿಯನ್ನು ಗುಣಿಸಿ, ಗೀಟನ್ನು ಹಾಗೆಯೇ ಮುಂದೆ ಉಳಿಸಿಬಿಡುತ್ತೇವೆ, ಏರಿಸಬೇಕಾದ್ದನ್ನು ಇಳಿಸಿಬಿಡುತ್ತೇವೆ. ಅತ್ತೆ ಸತ್ತ ಮೇಲೆ ಬಳೆ, ಪಾಟಿ, ಕಟ್ಟೆ ಮೂರೂ ನನ್ನ ಪಾಲಿಗೆ ಬಂದವು. ಆಗ ನನಗೆ ಇಪ್ಪತ್ತೆಂಟು ವರ್ಷ. ಮದುವೆ ಆಗಿರಲಿಲ್ಲ, ಆಗುವ ಹಾಗೂ ಕಾಣುತ್ತಿರಲಿಲ್ಲ. ಮನೆಯಲ್ಲಿ ಇದ್ದವರು ಅವ್ವ, ನಾನು, ನನಗಿಂತ ಹತ್ತು ವರ್ಷಕ್ಕೆ ಚಿಕ್ಕವಳಾದ ತಂಗಿ ಕಸ್ತೂರಿ.

ಎದುರುಮನೆಯ ಅಡಿವೆಪ್ಪ ಏಣಿ ಮಾಡುವವನು. ಈ ಊರಲ್ಲಿ ಏಣಿ ಮಾಡುವವನಿಗೆ ಎಷ್ಟು ಗೌರವ ಎಂದು ಬೇರೆ ಹೇಳಬೇಕಿಲ್ಲ. ಅವನ ಮಗ ಫಕೀರಪ್ಪ ಕಡಿಮೆ ಮಾತಿನ ಹುಡುಗ, ಉಳಿ ಹಿಡಿದರೆ ಊಟ ಮರೆಯುವವನು. ಒಮ್ಮೆ ಮೇಲೆ ಒಂದು ಬಂದಾಗ ನಮ್ಮ ಎರಡು ಮನೆಗಳೂ ನಾಲ್ಕು ಮೆಟ್ಟಿಲಿಗೆ ಸಮ ನಿಂತವು. ಆ ದಿನ ಕಸ್ತೂರಿ ಕಿಟಕಿಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದಳು, ಅವನು ತನ್ನ ಕಿಟಕಿಯಲ್ಲಿ ಏಣಿಯ ಮೆಟ್ಟಿಲು ಹೆರೆಯುತ್ತಿದ್ದ. ಬೆಳಗಿನಿಂದ ಸಂಜೆಯವರೆಗೆ ಅವಳು ಒಂದೇ ಜಡೆಯನ್ನು ಎಷ್ಟು ಸಲ ಬಿಚ್ಚಿ ಹೆಣೆದಳೋ, ಅವನು ಒಂದೇ ಮೆಟ್ಟಿಲನ್ನು ಎಷ್ಟು ಸಲ ಹೆರೆದನೋ. ಸಂಜೆಗೆ ಆ ಮೆಟ್ಟಿಲು ಬೆರಳಿನ ದಪ್ಪ ಉಳಿದಿತ್ತು ಎಂದು ಅಡಿವೆಪ್ಪ ಎಲ್ಲರ ಮುಂದೆ ಹೇಳಿ ನಕ್ಕ. ಆ ವರ್ಷವೇ ಎರಡೂ ಮನೆಯ ಹಿರಿಯರು ಕುಳಿತು ಮಾತು ಮುಗಿಸಿದರು.

ಮಾತು ಮುಗಿದರೆ ಸಾಲದು, ಹಲಗೆ ಬೀಳಬೇಕು. ನಮ್ಮಲ್ಲಿ ಸಂಬಂಧದ ಮಾತಾದ ಮೇಲೆ ಎರಡು ಮನೆಗಳು ಮೊದಲ ಸಲ ಸಮ ನಿಂತ ದಿನ ಗಂಡಿನವರು ತಮ್ಮ ಹೊಸ್ತಿಲಿಂದ ಹೆಣ್ಣಿನವರ ಹೊಸ್ತಿಲಿಗೆ ಹಲಗೆ ಹಾಕುತ್ತಾರೆ. ಹೆಣ್ಣಿನ ಮನೆಯ ಬಾಗಿಲು ತೆರೆದಿದ್ದರೆ ಒಪ್ಪಿಗೆ. ಮಧ್ಯಾಹ್ನ ಡಂಗುರ ಹೊಡೆಯುವವರೆಗೂ ಮುಚ್ಚಿಯೇ ಇದ್ದರೆ ಒಲ್ಲೆ ಎಂದು ಅರ್ಥ, ಮತ್ತೆ ಯಾರೂ ಆ ಮಾತು ಎತ್ತುವಂತಿಲ್ಲ. ಬಾಗಿಲು ತಟ್ಟುವಂತಿಲ್ಲ, ಹೇಳಿಕಳಿಸುವಂತಿಲ್ಲ. ಯಾರ ಬಾಯಿಂದಲೂ ಇಲ್ಲ ಅನಿಸಿಕೊಳ್ಳದೆ ಮರ್ಯಾದೆ ಉಳಿಸಿಕೊಳ್ಳಲಿ ಎಂದು ಹಿಂದಿನವರು ಮಾಡಿಟ್ಟ ಪದ್ಧತಿ ಇದು. ಇನ್ನೊಂದು ಕಟ್ಟಳೆಯೂ ಇದೆ. ಸಮ ಬರುವ ಅಂಕಿ ಯಾವುದೆಂದು ಮೊದಲೇ ಲೆಕ್ಕ ಹಾಕಿ ಹುಡುಕಬಾರದು, ಅದು ತಾನಾಗಿಯೇ ಬರಬೇಕು. ನನಗೆ ಅದು ಎರಡು ಸಾಲಿನ ಕೆಲಸ. ಆದರೂ ಹುಡುಕಲಿಲ್ಲ. ಮೇಲೆ ಒಂದು ಮತ್ತೆ ಬಂದೇ ಬರುತ್ತದೆ ಎಂದು ಎರಡೂ ಮನೆಯವರು ಕಾಯುತ್ತಿದ್ದರು. ಅಡಿವೆಪ್ಪ ಸಾಗುವಾನಿಯ ಹಲಗೆಯೊಂದನ್ನು ನುಣ್ಣಗೆ ಮಾಡಿ ಗೋಡೆಗೆ ಒರಗಿಸಿಟ್ಟಿದ್ದ.

ಒಂದರ ಬದಲು ಕೆಳಗೆ ಮೂರು ಬಂತು. ಎಂಟು ವರ್ಷದಿಂದ ಕೆರೆ ಅಷ್ಟು ಕೆಳಗೆ ಹೋಗಿರಲಿಲ್ಲ. ಡಂಗುರ ಮುಗಿಯುವ ಮೊದಲೇ ನಮ್ಮ ಕಟ್ಟೆಯ ಮುಂದೆ ಅರ್ಧ ಊರು ನೆರೆದಿತ್ತು. ನಾನು ಊಟಕ್ಕೂ ಏಳದೆ ಒಂದೊಂದೇ ಮನೆಯ ಲೆಕ್ಕಕ್ಕೆ ಬಳೆ ಇಟ್ಟು, ಅಳಿಸಿ, ಮತ್ತೆ ಇಟ್ಟು ಹೇಳುತ್ತಾ ಹೋದೆ. ಅಡಿವೆಪ್ಪ ಕೊನೆಯ ಹೊತ್ತಿಗೆ ಬಂದ. ಕೆಳಗಿನ ಮೂರಕ್ಕೆ ಮೂರು ಕೂಡಿಸಿದರೆ ಸೊನ್ನೆ, ನಿಮ್ಮ ಮನೆ ಬೀದಿಗೆ ಸರಿಸಮ, ನಾಳೆ ಏಣಿಗೆ ರಜಾ ಕೊಡಿ ಎಂದು ತಮಾಷೆ ಮಾಡಿದೆ. ಅವನು ನಕ್ಕು, ನಿಮ್ಮದು ಎಷ್ಟು ಎಂದು ಕೇಳಿದ.

ನಮ್ಮ ಮನೆಯ ಲೆಕ್ಕಕ್ಕೆ ನಾನು ಎಂದೂ ಪಾಟಿ ಹಿಡಿದವಳಲ್ಲ. ಅಷ್ಟು ಹೊತ್ತಿಗೆ ಬಳೆಯನ್ನು ಸೊಂಟಕ್ಕೆ ಸಿಕ್ಕಿಸಿ ಪಾಟಿ ಒರೆಸುತ್ತಿದ್ದೆ. ಒಳಗೆ ಕಸ್ತೂರಿ ಸಂದೂಕದಿಂದ ಸೀರೆಗಳನ್ನು ತೆಗೆದು ಒಂದೊಂದನ್ನೇ ಭುಜಕ್ಕೆ ಹಿಡಿದು ನೋಡಿಕೊಳ್ಳುತ್ತಿದ್ದಳು, ಸಣ್ಣಗೆ ಏನೋ ಗುನುಗುತ್ತಿದ್ದಳು. ನನ್ನ ಕಿವಿ ಅಲ್ಲಿತ್ತು. ಮೂರು ಮೂರಲೆ ಒಂಬತ್ತು ಕೆಳಗೆ, ಮೂರು ಪಟ್ಟಿನ ಇನ್ನೊಂದು ಒಂಬತ್ತು ಕೆಳಗೆ ಎಂದುಕೊಂಡು ನಮ್ಮದು ಹದಿನೆಂಟು ಕೆಳಗೆ ಎಂದೆ. ಮೊದಲನೆಯ ಒಂಬತ್ತು ಮೇಲಕ್ಕೆ ಬರಬೇಕಿತ್ತು. ಹಾಗೆ ಬಂದಿದ್ದರೆ ಒಂಬತ್ತರಲ್ಲಿ ಒಂಬತ್ತು ಹೋಗಿ ಸೊನ್ನೆ. ಮಧ್ಯಾಹ್ನದಿಂದ ಊರಿಗೆಲ್ಲ ಬಳೆ ತೊಡಿಸಿ ಕೊನೆಗೆ ನನ್ನ ಮನೆಯ ಅಂಕಿಯನ್ನೇ ಬರಿಗೈಯಲ್ಲಿ ಬಿಟ್ಟೆ.

ಹದಿನೆಂಟಾ ಎಂದು ಕಸ್ತೂರಿ ಬಾಗಿಲಿಗೆ ಬಂದು ಕೇಳಿದಳು. ಹೂಂ, ಬೇಗ ಗಂಟು ಕಟ್ಟು ಎಂದೆ, ಸ್ವಲ್ಪ ಸಿಡುಕಿಯೇ. ಅವಳು ನನ್ನ ಮುಖವನ್ನೊಮ್ಮೆ ನೋಡಿ ಒಳಗೆ ಹೋಗಿ ಸೀರೆಗಳನ್ನು ಮಡಚಿ ಸಂದೂಕದಲ್ಲಿಟ್ಟಳು. ಸಂಜೆ ಮೂವರೂ ಬಾಗಿಲಿಗೆ ಬೀಗ ಜಡಿದು, ಅಕ್ಕಿ ಬೇಳೆ ಕಟ್ಟಿಕೊಂಡು ಚಾವಡಿಗೆ ಹೋದೆವು.

ಚಾವಡಿಯ ಕಟ್ಟೆಯ ಮೇಲೆ ನಿಂತರೆ ನಮ್ಮ ಬೀದಿ ತುದಿಯಿಂದ ತುದಿಯವರೆಗೆ ಕಾಣುತ್ತದೆ. ಹೊತ್ತು ಮೂಡುವಾಗ ಎಲ್ಲರೂ ತಂತಮ್ಮ ಮನೆ ಇಳಿಯುವುದನ್ನು ನೋಡಲು ಅಲ್ಲಿ ಸೇರುವುದು ರೂಢಿ. ಒಂದೊಂದಾಗಿ ಮನೆಗಳು ಸರಿದವು. ನಮ್ಮ ಮನೆ ಮಾತ್ರ ಒಂದಿಷ್ಟು ಅಲುಗಿ ಬೀದಿಗೆ ಸಮವಾಗಿ ಬಂದು ನಿಂತುಬಿಟ್ಟಿತು. ಎದುರಿಗೆ ಅಡಿವೆಪ್ಪನ ಮನೆ. ಹೊಸ್ತಿಲಿಗೆ ಹೊಸ್ತಿಲು. ಇನ್ನೂ ಇಳೀಲಿಲ್ಲಲ್ಲ ಎಂದು ಅವ್ವ ಕೇಳಿದಳು. ನಾನು ಕಂಬದ ಮರೆಗೆ ಹೋಗಿ ಧೂಳಿನಲ್ಲಿ ಬೆರಳಿಂದ ಬರೆದು ಮತ್ತೆ ಲೆಕ್ಕ ಹಾಕಿದೆ. ಸೊನ್ನೆ ಬಂತು. ಇನ್ನೊಮ್ಮೆ ಹಾಕಿದೆ, ಮತ್ತೆ ಸೊನ್ನೆಯೇ. ಬರೆದದ್ದನ್ನು ಅಂಗೈಯಿಂದ ಅಳಿಸಿದೆ.

ಕೀಲಿ ನನ್ನ ಸೊಂಟದಲ್ಲೇ ಇತ್ತು. ದಿಬ್ಬ ಇಳಿದು ಓಡಿದರೆ ಹತ್ತು ನಿಮಿಷದ ದಾರಿ, ಮಧ್ಯಾಹ್ನದ ಡಂಗುರಕ್ಕೆ ಇನ್ನೂ ಐದಾರು ತಾಸು. ಲೆಕ್ಕ ತಪ್ಪಿದೆ ಎಂದು ಒಂದು ಮಾತು ಹೇಳಿ ಬಾಗಿಲು ತೆಗೆದಿದ್ದರೆ ಮುಗಿಯುತ್ತಿತ್ತು. ಆದರೆ ಚಾವಡಿಯ ತುಂಬ ನನ್ನ ಮಾತು ನಂಬಿ ಬಂದವರು. ಪಾರ್ಶ್ವವಾಯು ಬಡಿದ ತಂದೆಯನ್ನು ಮಂಚದ ಸಮೇತ ಹೊತ್ತು ತಂದವರಿದ್ದರು, ಹಸುಗೂಸಿನ ತೊಟ್ಟಿಲು ತಂದವರಿದ್ದರು. ತನ್ನ ಮನೆಯ ಲೆಕ್ಕವನ್ನೇ ತಪ್ಪಿದವಳು ನಮ್ಮದನ್ನು ಏನು ಮಾಡಿಯಾಳು ಎಂದು ಅವರು ಕೇಳಿದರೆ ನಾನು ಏನು ಹೇಳಲಿ. ನಿಂಬವ್ವತ್ತೆಯ ನಲವತ್ತು ವರ್ಷದ ಹೆಸರು, ನನ್ನ ಒಂದು ವರ್ಷದ ಹೆಸರು, ಎರಡೂ ಒಂದೇ ಬೆಳಗಿನಲ್ಲಿ ಹೋಗುತ್ತಿದ್ದವು. ಇಷ್ಟೇ ಕಾರಣ. ಇದಕ್ಕಿಂತ ದೊಡ್ಡದೊಂದು ಕಾರಣ ಇದ್ದಿದ್ದರೆ ಹೇಳಿಕೊಳ್ಳಲಾದರೂ ಅನುಕೂಲವಾಗುತ್ತಿತ್ತು. ಕೆಲವು ಮನೆ ತಡವಾಗಿ ಇಳಿಯುತ್ತವೆ ಎಂದು ಅವ್ವನಿಗೆ ಹೇಳಿದೆ. ಅಂಥ ಮನೆ ಈ ಊರಿನಲ್ಲಿ ಒಂದೂ ಇಲ್ಲ.

ಅಡಿವೆಪ್ಪ ಬಾಗಿಲು ತೆರೆದು ಹೊರಗೆ ಬಂದದ್ದು ಚಾವಡಿಯಿಂದ ಕಂಡಿತು. ಸ್ವಲ್ಪ ಹೊತ್ತು ನಮ್ಮ ಬೀಗವನ್ನು ನೋಡುತ್ತಾ ನಿಂತ. ಆಮೇಲೆ ಒಳಗೆ ಹೋಗಿ ಮಗನನ್ನು ಕರೆದುಕೊಂಡು ಹಲಗೆಯನ್ನು ಹೊತ್ತು ತಂದ. ಇಬ್ಬರೂ ಸೇರಿ ಹಲಗೆಯನ್ನು ತಮ್ಮ ಹೊಸ್ತಿಲಿಂದ ನಮ್ಮ ಹೊಸ್ತಿಲಿಗೆ ಹಾಕಿದರು. ಫಕೀರಪ್ಪ ಮಡಿಸಿಟ್ಟಿದ್ದ ಬಿಳಿಯ ಅಂಗಿ ತೊಟ್ಟುಕೊಂಡು ಬಂದು ಹಲಗೆಯ ಆ ತುದಿಯಲ್ಲಿ ನಿಂತ. ಬಿಸಿಲು ಏರಿತು. ಬೀದಿಯ ಜನ ಹಲಗೆ ಕಂಡು ಬೇರೆ ಓಣಿ ಬಳಸಿ ಹೋಗುತ್ತಿದ್ದರು, ಯಾರೂ ದಾಟಲಿಲ್ಲ. ಚಾವಡಿಯಲ್ಲಿದ್ದವರು ಮೊದಲು ಬೆರಳು ಮಾಡಿ ತೋರಿಸಿದರು, ಆಮೇಲೆ ನನ್ನ ಮುಖ ನೋಡಿ ದನಿ ತಗ್ಗಿಸಿದರು. ಗುರವ್ವ ತಪ್ಪುವವಳಲ್ಲ, ಏನೋ ಮನಸ್ಸಿಗೆ ಬಂದಿಲ್ಲ, ಅದಕ್ಕೇ ಬೀಗ ಹಾಕಿದ್ದಾಳೆ ಎಂದು ಅವರವರೇ ಅರ್ಥ ಮಾಡಿಕೊಂಡರು. ಅವ್ವನೂ ಹಾಗೆಯೇ ಅರ್ಥ ಮಾಡಿಕೊಂಡಳು ಎಂದು ಕಾಣುತ್ತದೆ, ಆಮೇಲೆ ಏನನ್ನೂ ಕೇಳಲಿಲ್ಲ. ಕಸ್ತೂರಿ ಒಲೆಯ ಮುಂದೆ ಕುಳಿತು ಬೇಳೆ ಬೇಯಿಸುತ್ತಿದ್ದಳು. ಒಂದು ಸಲವೂ ಕಟ್ಟೆಯ ಕಡೆ ಬರಲಿಲ್ಲ. ಪಾಪ, ಅವಳಿಗೆ ಇನ್ನೂ ಗೊತ್ತಿಲ್ಲ ಎಂದುಕೊಂಡೆ.

ಮಧ್ಯಾಹ್ನ ಡಂಗುರ ಆಯಿತು. ಅಡಿವೆಪ್ಪ ಹಲಗೆ ಎತ್ತಿಕೊಂಡ.

ಮೂರು ದಿನ ಬಿಟ್ಟು ಕೆರೆಯ ಹತ್ತಿರ ಅವನು ಎದುರಾದ. ಪದ್ಧತಿಯ ಪ್ರಕಾರ ಅವನು ಆ ಮಾತು ಎತ್ತಬಾರದು. ಎತ್ತಿದ.

“ಒಲ್ಲೆ ಅಂದಿದ್ರ ಹಲಗಿ ಮೂಲ್ಯಾಗ ಇಡತಿದ್ದೆ ತಂಗಿ. ಹದಿನೆಂಟು ಕೆಳಗ ಅಂತ ಹೇಳಿ, ನಂಬಿಸಿ, ಕೀಲಿ ಹಾಕಬಾರದಿತ್ತು.”

ಆಗಲೂ ಹೇಳಬಹುದಿತ್ತು. ತಪ್ಪಾಯಿತು ಅನ್ನುವ ಮಾತು ಬಾಯಿಯವರೆಗೆ ಬಂದಿತ್ತು. ನಾನು ಕೊಡ ತುಂಬಿಸಿಕೊಂಡು ಹೊರಟುಬಂದೆ. ಮುಂದಿನ ವರ್ಷ ಫಕೀರಪ್ಪನಿಗೆ ಕೆಳಗಿನ ಬೀದಿಯ ಹುಡುಗಿಯೊಂದಿಗೆ ಮದುವೆಯಾಯಿತು. ಒಳ್ಳೆಯ ಹುಡುಗಿ, ಏಣಿಗೆ ಬಣ್ಣ ಬಳಿಯುವುದನ್ನು ಅವಳೇ ಶುರು ಮಾಡಿದ್ದು. ಈಗ ಊರಿನಲ್ಲಿ ಬಣ್ಣವಿಲ್ಲದ ಏಣಿಯನ್ನು ಯಾರೂ ಕೊಳ್ಳುವುದಿಲ್ಲ. ಕಸ್ತೂರಿಗೆ ಆಮೇಲೆ ಎರಡು ಕಡೆಯಿಂದ ಮಾತು ಬಂತು. ಹಲಗೆ ತಪ್ಪಿಸಿಕೊಂಡ ಮನೆ ಎಂದು ಒಬ್ಬರು ಹಿಂದೆ ಸರಿದರು, ಇನ್ನೊಬ್ಬರನ್ನು ಅವಳೇ ಒಲ್ಲೆ ಎಂದಳು. ಅವ್ವ ಆರು ವರ್ಷದ ಮೇಲೆ ಸತ್ತಳು, ಸಾಯುವವರೆಗೂ ನನ್ನೊಂದಿಗೆ ಆ ದಿನದ ಬಗ್ಗೆ ಮಾತನಾಡಲಿಲ್ಲ. ಕಸ್ತೂರಿ ಕೌದಿ ಹೊಲಿಯಲು ಕುಳಿತಳು. ಈ ಬೀದಿಯಲ್ಲಿ ಹುಟ್ಟಿದ ಮಕ್ಕಳೆಲ್ಲ ಅವಳ ಕೌದಿಯಲ್ಲೇ ಮಲಗಿವೆ, ಫಕೀರಪ್ಪನ ಮಕ್ಕಳೂ.

ನಾವು ಇಬ್ಬರೇ ಉಳಿದೆವು. ಅವಳು ನನ್ನ ಮೇಲೆ ಒಂದು ದಿನವೂ ಸಿಡುಕಲಿಲ್ಲ, ಒಂದು ದಿನವೂ ಮುಖ ತಿರುಗಿಸಲಿಲ್ಲ. ಅದನ್ನು ನೋಡಿ ನನಗೆ ಇನ್ನಷ್ಟು ಸಂಕಟವಾಗುತ್ತಿತ್ತು. ನನ್ನ ಹೆಸರೇನೋ ಮೊದಲಿಗಿಂತ ದೊಡ್ಡದಾಯಿತು. ಹೇಳಿಬಿಡೋಣ ಎಂದು ಎಷ್ಟೋ ಸಲ ಅವಳ ಎದುರು ಕುಳಿತಿದ್ದೇನೆ. ತಂಗೀ, ಅದು ಬರೀ ಒಂದು ಗೀಟಿನ ತಪ್ಪು ಎಂದು ಹೇಳಿ, ಬೈಸಿಕೊಂಡು ಹಗುರಾಗೋಣ ಎಂದುಕೊಂಡಿದ್ದೇನೆ. ಅಷ್ಟರಲ್ಲಿ ಅವಳು ಚಹಾ ಮಾಡಲಾ ಎಂದು ಕೇಳುತ್ತಿದ್ದಳು, ನಾನು ಮಾಡು ಅನ್ನುತ್ತಿದ್ದೆ. ಹೀಗೆ ಇಪ್ಪತ್ತೆರಡು ವರ್ಷ ಕಳೆಯಿತು.

ಹೋದ ತಿಂಗಳು ಕೆಳಗೆ ಎರಡು ಬಂತು. ನನ್ನ ಕಣ್ಣಿಗೆ ಪೊರೆ ಬಂದು ಪಾಟಿಯ ಮೇಲಿನ ಗೀಟು ಸರಿಯಾಗಿ ಕಾಣುವುದಿಲ್ಲ, ಆದರೂ ಕಟ್ಟೆ ಬಿಟ್ಟಿಲ್ಲ. ಹೊಸದಾಗಿ ಊರಿಗೆ ಬಂದ ಸೊಸೆಯೊಬ್ಬಳು ತನ್ನ ಮನೆಯ ಲೆಕ್ಕ ಹೇಳಿದಳು, ‘೫ − ಯ²’. ಇದು ಎಡವಿಸುವ ಲೆಕ್ಕ, ನಿಧಾನ ಮಾಡಬೇಕು ಎಂದು ನಾನು ಪಾಟಿಯನ್ನು ಕಣ್ಣಿನ ಹತ್ತಿರ ತಂದುಕೊಂಡೆ. ಅಷ್ಟರಲ್ಲಿ ಒಳಗಿನಿಂದ, ಅಕ್ಕಿ ಆರಿಸುತ್ತಿದ್ದ ಕಸ್ತೂರಿ ತಲೆಯೆತ್ತದೆ ಒಂದು ಮೆಟ್ಟಿಲು ಮೇಲೆ ಎಂದಳು. ನಾನು ಲೆಕ್ಕ ಹಾಕಿದೆ. ಎರಡೆರಡಲೆ ನಾಲ್ಕು, ಮೇಲೆ. ಐದರಲ್ಲಿ ನಾಲ್ಕು ಹೋದರೆ ಒಂದು. ಸರಿಯಿತ್ತು. ಸೊಸೆ ಹೋದ ಮೇಲೆ ಇದನ್ನು ಯಾವಾಗ ಕಲಿತೆ ಎಂದು ಕೇಳಿದೆ. ಅತ್ತೆ ನಿನಗೆ ಕಲಿಸುವಾಗ ಗೋಡೆಯ ಈ ಕಡೆ ನಾನೂ ಇದ್ದೆನಲ್ಲ, ಒಂಬತ್ತು ವರ್ಷದವಳಿದ್ದಾಗಿಂದ ಬರುತ್ತದೆ ಎಂದಳು, ಅದೊಂದು ದೊಡ್ಡ ವಿಷಯವೇ ಅಲ್ಲ ಅನ್ನುವಂತೆ.

ನಾನು ಪಾಟಿ ಕೆಳಗಿಟ್ಟೆ. ಒಂಬತ್ತರ ವಯಸ್ಸಿಗೇ ಬರುತ್ತಿದ್ದರೆ ಹತ್ತೊಂಬತ್ತಕ್ಕೂ ಬರುತ್ತಿತ್ತು.

“ಹಂಗಾದ್ರ ಕೆಳಗ ಮೂರು ಬಂದ ದಿನ,” ಎಂದೆ.

“ಸೊನ್ನಿ,” ಎಂದಳು ಕಸ್ತೂರಿ. “ನೀ ಹದಿನೆಂಟು ಅಂದಾಗನ ಗೊತ್ತಿತ್ತು.”

“ಮತ್ತ ಯಾಕ ಸುಮ್ಮನಿದ್ದಿ?”

ಅವಳು ಮೊರ ಕೆಳಗಿಟ್ಟು ಬಂದು ಕಟ್ಟೆಯ ಮೇಲೆ ನನ್ನ ಪಕ್ಕ ಕುಳಿತಳು.

“ನೀ ಲೆಕ್ಕ ತಪ್ಪಾಕಿ ಅಲ್ಲ. ನಾ ಹೋದ್ರ ನೀ ಒಬ್ಬಾಕಿ ಆಗತಿದ್ದಿ. ಇರು ಅಂತ ಬಾಯಿಬಿಟ್ಟು ಕೇಳಾಕ ನಿನಗ ಆಗಲಿಲ್ಲ, ಅದಕ್ಕ ಹಂಗ ಹೇಳೀದಿ ಅಂತ ತಿಳಕೊಂಡೆ. ಅಕ್ಕ ಇಷ್ಟ ಕೇಳ್ಯಾಳ, ಇರೂಣು ಅಂತ ಉಳದೆ.”

ಬೀದಿಯಲ್ಲಿ ಯಾರೋ ಏಣಿ ಹೊತ್ತು ಹೋಗುತ್ತಿದ್ದರು. ಅವರು ದಾಟಿದ ಮೇಲೆ ಅವಳು ಹೌದಲ್ಲ ಎಂದು ಕೇಳಿದಳು. ಇಪ್ಪತ್ತೆರಡು ವರ್ಷದಲ್ಲಿ ಆ ದಿನದ ಬಗ್ಗೆ ಅವಳು ನನ್ನನ್ನು ಕೇಳಿದ ಪ್ರಶ್ನೆ ಅದೊಂದೇ. ಅಲ್ಲ ತಂಗೀ, ಲೆಕ್ಕ ತಪ್ಪಿತು ಎಂದರೆ ಅವಳು ಯಾರಿಗಾಗಿಯೂ ಉಳಿಯಲಿಲ್ಲ, ಸುಮ್ಮನೆ ಉಳಿದಳು ಎಂದಾಗುತ್ತಿತ್ತು. ಅವಳ ಮುಖ ನನಗೆ ಮಸುಕಾಗಿಯೇ ಕಾಣುತ್ತಿತ್ತು, ಆದರೂ ಅವಳು ಕಾಯುತ್ತಿದ್ದಾಳೆ ಎಂದು ಗೊತ್ತಾಗುತ್ತಿತ್ತು.

“ಹೌದು,” ಎಂದೆ.

ಅವಳು ನನ್ನ ಮೊಣಕಾಲಿನ ಮೇಲೆ ಕೈಯಿಟ್ಟಳು, ಆಮೇಲೆ ಎದ್ದು ಅಕ್ಕಿಯ ಹತ್ತಿರ ಹೋದಳು. ಕೊಟ್ಟ ಉತ್ತರವನ್ನೆಲ್ಲ ಎರಡು ಸಲ ತಾಳೆ ನೋಡುವವಳು ನಾನು. ಈ ಉತ್ತರವನ್ನು ಇವತ್ತಿನವರೆಗೂ ತಾಳೆ ನೋಡಿಲ್ಲ.